ಹಾಕಿ ಬಿಟ್ಟು ಸೈಕಲ್ ನೋಡಿದ್ದು

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗ್ತೇವೆ ಎಂದಾಗ ವಿರಾಜಪೇಟೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. "ಹಾಕಿಗೆ ಟಿಕೆಟ್ ಸಿಕ್ತಾ?" ಇಲ್ಲ, ಸೈಕಲ್ ರೇಸ್ ನೋಡೋಕೆ ಅಂದರೆ ಸುಮ್ನೆ ಮುಖ ನೋಡುತ್ತಿದ್ದರು. ಕೊಡಗಿನವರು ಅಷ್ಟು ದೂರ ಹೋಗಿ ಹಾಕಿ ನೋಡದೆ ಬರೋದಾ? ಅದೂ ನಮ್ಮ ಅಶ್ವಿನಿ ಪೊನ್ನಪ್ಪ ಬ್ಯಾಡ್ಮಿಂಟನ್ ಆಡಿದ ಒಲಿಂಪಿಕ್ಸ್‌ನಲ್ಲಿ, ಅವರ ಆಟವೆಲ್ಲ ಮುಗಿದ ಮೇಲೆ ಹೊರಡೋದಾ?

ಟಿಕೆಟ್ ಕೊಂಡವಳು ಮಗಳು. ರಜೆಗೆ ಬೆಂಗಳೂರಿನಿಂದ ಬಂದರೆ ಬೆಳಗಾಗುವ ಮೊದಲೇ ಸೈಕಲ್ ಹತ್ತಿ ಮಾಕುಟ್ಟ ಘಾಟಿ ಇಳಿದು ಮತ್ತೆ ಹತ್ತಿ ಬರುವವಳು. ಅವಳ ದುಡ್ಡು, ಅವಳ ಹುಚ್ಚು. ನಮ್ಮವರು ಕಾಲೇಜು ದಿನಗಳಲ್ಲಿ ಹಾಕಿ ಆಡಿದವರು. "ಒಂದೇ ಕಡೆ ಸುತ್ತು ಹೊಡೆಯೋದರಲ್ಲಿ ನೋಡೋಕೆ ಏನಿದೆ?" ಎಂದು ವಿಮಾನ ಇಳಿಯುವವರೆಗೂ ಗೊಣಗಿದರು.

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. "ವೆಲೊಡ್ರೋಮ್ ಪಕ್ಕದಲ್ಲೇ, ನಡ್ಕೊಂಡು ಹೋಗಬಹುದು" ಎಂದು ಟ್ರಾವೆಲ್ ಏಜೆಂಟ್ ಹೇಳಿದ್ದ. ವೆಲೊಡ್ರೋಮ್ ಅಂದರೆ ಸೈಕಲ್ ರೇಸ್ ನಡೆಯುವ ಕ್ರೀಡಾಂಗಣ. ಮಾತು ಸುಳ್ಳಲ್ಲ. ಬೆಳಿಗ್ಗೆ ಎದ್ದು ನಡೆದು ಹೋದೆವು. ವೆಲೊಡ್ರೋಮ್ ಇತ್ತು. ಸುತ್ತ ದೊಡ್ಡ ದೊಡ್ಡ ಮರಗಳು, ಹಳೇ ಕಾಲದ ಗ್ಯಾಲರಿ, ಬಯಲಲ್ಲಿ ಕಾಂಕ್ರೀಟ್ ಟ್ರ್ಯಾಕ್. ಒಬ್ಬ ಮನುಷ್ಯನೂ ಇಲ್ಲ. ಅದು ವಾಂಸೆನ್ ಕಾಡಿನ ಪಕ್ಕದ ಲಾ ಸಿಪಾಲ್. 1924ರ ಒಲಿಂಪಿಕ್ಸ್‌ನ ಸೈಕಲ್ ರೇಸ್ ನಡೆದ ಜಾಗ! ಸರಿಯಾಗಿ ನೂರು ವರ್ಷ ತಡವಾಗಿ ಬಂದಿದ್ದೆವು. ಈ ಸಲದ ರೇಸ್ ನಡೆಯುತ್ತಿದ್ದದ್ದು ಊರಿನ ಇನ್ನೊಂದು ತುದಿ ದಾಟಿ, ಸಾಂ ಕಾಂತಾಂ ಎಂಬಲ್ಲಿ. ಫೋನ್ ಮಾಡಿದರೆ ಆ ಪುಣ್ಯಾತ್ಮ, "ವೆಲೊಡ್ರೋಮ್ ತಾನೇ ಮೇಡಂ ನೀವು ಕೇಳಿದ್ದು?" ಎಂದ.

ಮಗಳಿಗೆ ಮಾತ್ರ ಖುಷಿಯೋ ಖುಷಿ. ಬೆಲ್ಜಿಯಂನ ಸೈಕಲ್ ವೀರ ಎಡ್ಡಿ ಮರ್ಕ್ಸ್ ಗೆದ್ದ ಐದೂ ಟೂರ್ ಡಿ ಫ್ರಾನ್ಸ್ ರೇಸ್ ಮುಗಿದದ್ದು ಇದೇ ಟ್ರ್ಯಾಕ್‌ನಲ್ಲಂತೆ. ಅಲ್ಲೇ ಕೂತು ಹತ್ತಾರು ಫೋಟೊ ತೆಗೆದಳು. ನನಗೆ ಕಂಡದ್ದು ರೈಲಿನ ಖರ್ಚು. ಒಲಿಂಪಿಕ್ಸ್ ಎಂದು ಮೆಟ್ರೊ ಟಿಕೆಟ್ ಅನ್ನು 4 ಯೂರೊಗೆ ಏರಿಸಿದ್ದರು. ದಿನದ ಪಾಸ್ ತಲೆಗೆ 16 ಯೂರೊ, ಅಂದರೆ 1,400 ರೂಪಾಯಿಗೂ ಜಾಸ್ತಿ. ನೀವು ಯಾವ ಊರಿಗೆ ಯಾವ ಆಟ ನೋಡಲು ಹೋದರೂ ಕ್ರೀಡಾಂಗಣದ ಪೂರ್ತಿ ವಿಳಾಸ ಬರೆದುಕೊಡಿ, ಹತ್ತಿರದ ರೈಲು ನಿಲ್ದಾಣದ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. "ಪಕ್ಕದಲ್ಲೇ" ಅನ್ನುವ ಮಾತು ನಂಬಬೇಡಿ.

ಐಫೆಲ್ ಟವರ್, ದೋಣಿ ಸವಾರಿ ಎಲ್ಲ ಆಯಿತು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿನ ಕಾಫಿ ಬಗ್ಗೆ ಮಾತ್ರ ಒಂದು ಮಾತು: ಕಹಿ, ಚೂರೇ ಚೂರು, ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ತೋಟದವರ ಬಾಯಿಗೆ ಅದು ಹಿಡಿಸಲಿಲ್ಲ.

ನಾನು ಹೇಳಬೇಕಾದದ್ದು ಆಗಸ್ಟ್ 8ರ ಕಥೆ.

ಅವತ್ತು ಮಧ್ಯಾಹ್ನ ಎರಡಕ್ಕೆ ಭಾರತ ಮತ್ತು ಸ್ಪೇನ್ ನಡುವೆ ಹಾಕಿ ಕಂಚಿನ ಪಂದ್ಯ. ಸಂಜೆ ಐದಕ್ಕೆ ನಮ್ಮ ಸೈಕಲ್ ರೇಸ್. ಲಾ ದೆಫಾಂಸ್ ನಿಲ್ದಾಣದಲ್ಲಿ ರೈಲು ಬದಲಿಸಬೇಕಿತ್ತು. ನಮ್ಮವರು ಪ್ಲಾಟ್‌ಫಾರ್ಮ್‌ನಲ್ಲೇ ಕೂತುಬಿಟ್ಟರು. ನಮ್ಮ ಫೋನಿನಲ್ಲಿ ಪಂದ್ಯ ಬರಲಿಲ್ಲ. ಕೊನೆಗೆ ಭಾವ ವಿರಾಜಪೇಟೆಯಿಂದ ವಾಟ್ಸಾಪ್ ವಿಡಿಯೊ ಕಾಲ್ ಮಾಡಿ, ಮೊಬೈಲನ್ನು ಟಿವಿ ಎದುರು ಹಿಡಿದರು. ಪಂದ್ಯ ನಡೆಯುತ್ತಿದ್ದ ಕೊಲೊಂಬ್ ನಾವು ಕೂತಲ್ಲಿಂದ ಕೆಲವೇ ಕಿಲೊಮೀಟರ್. ಅದನ್ನು ನಾವು ನೋಡಿದ್ದು ಕೊಡಗಿನ ಟಿವಿಯಲ್ಲಿ! ಹಿಂದಿನಿಂದ ಕಕ್ಕಡ ತಿಂಗಳ ಮಳೆಯ ಸದ್ದು ಬೇರೆ. "ನೀವು ಎಲ್ಲಿ ಕೂತಿದ್ದೀರಿ? ಟಿವಿಯಲ್ಲಿ ಕಾಣ್ತಾನೇ ಇಲ್ವಲ್ಲ" ಎಂದು ಅತ್ತೆ ನಡುನಡುವೆ ಕೇಳುತ್ತಿದ್ದರು. ರೈಲು ನಿಲ್ದಾಣದಲ್ಲಿ ಎಂದು ಹೇಳಲು ಅವರ ಮಗನಿಗೆ ಬಾಯಿ ಬರಲಿಲ್ಲ.

ಹರ್ಮನ್‌ಪ್ರೀತ್ ಎರಡು ಗೋಲು ಹೊಡೆದರು. 2-1. ಶ್ರೀಜೇಶ್ ಅವರ ಕೊನೆಯ ಪಂದ್ಯ. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ವಿರಾಜಪೇಟೆಯಲ್ಲಿ ಕರೆಂಟ್ ಹೋಯಿತು. ಇವರು ಎದ್ದು ನಿಂತು ಕೊಡವ ತಕ್ಕ್‌ನಲ್ಲಿ ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಗೆದ್ದ ಸುದ್ದಿ ಆಮೇಲೆ ಮೆಸೇಜ್‌ನಲ್ಲಿ ಬಂತು.

ಹೀಗೆ ಅರ್ಧ ಖುಷಿ, ಅರ್ಧ ಸಿಟ್ಟಿನಲ್ಲಿ ವೆಲೊಡ್ರೋಮ್ ಒಳಗೆ ಹೋದೆವು. ಒಳಗೆ ಸೆಕೆ. ಬೇಕೆಂದೇ ಹಾಗೆ ಇಡುತ್ತಾರಂತೆ. ಬಿಸಿ ಗಾಳಿ ತೆಳು, ಸೈಕಲ್‌ಗೆ ಅಡ್ಡಿ ಕಡಿಮೆ. ಮರದ ಹಲಗೆಯ ಟ್ರ್ಯಾಕ್, ಒಂದು ಸುತ್ತಿಗೆ 250 ಮೀಟರ್. ತಿರುವಿನಲ್ಲಿ 40 ಡಿಗ್ರಿಗೂ ಜಾಸ್ತಿ ಓರೆ. ಟಿವಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಎದುರು ನಿಂತು ನೋಡಿದರೆ ಮಳೆಗಾಲದಲ್ಲಿ ಕುಸಿದ ಗುಡ್ಡದ ಬರೆಯ ಹಾಗೆ ನೆಟ್ಟಗೆ ನಿಂತಿದೆ. ಅದರ ಮೇಲೆ ಬ್ರೇಕ್ ಇಲ್ಲದ ಸೈಕಲ್. ಗೇರ್ ಒಂದೇ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ.

ನಮ್ಮವರ ಪಕ್ಕದ ಸೀಟಿನಲ್ಲಿ ಅರವತ್ತು ದಾಟಿದ ಒಬ್ಬರು ಕೂತಿದ್ದರು. ಹೆಗಲಿಗೆ ಪೋರ್ಚುಗಲ್ ಬಾವುಟ. ಪ್ಯಾರಿಸ್‌ನಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು, ಉಳಿದದ್ದಕ್ಕೆ ಕೈಬಾಯಿ ಸನ್ನೆ. ನಾವು ನೋಡಲು ಬಂದ ಓಮ್ನಿಯಂ ಎಂಬ ರೇಸ್ ಏನೆಂದು ನಮಗೆ ಕಲಿಸಿದ್ದು ಅವರೇ. ಒಂದೇ ಸಂಜೆ ನಾಲ್ಕು ರೇಸ್, ನಾಲ್ಕರ ಅಂಕವನ್ನೂ ಕೂಡಿಸಿ ಗೆದ್ದವರನ್ನು ನಿರ್ಧರಿಸುವುದು. ಮೊದಲನೆಯದರಲ್ಲಿ ಮುಂದೆ ಬಂದವ ಗೆದ್ದ. ಎರಡನೆಯದರಲ್ಲಿ, ಆರಂಭದ ಕೆಲವು ಸುತ್ತು ಬಿಟ್ಟರೆ, ಸುತ್ತು ಸುತ್ತಿಗೂ ಮೊದಲು ಬಂದವನಿಗೆ ಅಂಕ. ಮೂರನೆಯದರಲ್ಲಿ ಎರಡು ಸುತ್ತಿಗೊಮ್ಮೆ ಕೊನೆಯವನು ಔಟ್. ನಾಲ್ಕನೆಯದು 100 ಸುತ್ತಿನ ಪಾಯಿಂಟ್ಸ್ ರೇಸ್. ಹತ್ತು ಸುತ್ತಿಗೊಂದು ಜೋರು ಓಟ, ಮೊದಲ ನಾಲ್ವರಿಗೆ 5, 3, 2, 1 ಎಂದು ಅಂಕ. ಎಲ್ಲರಿಗಿಂತ ಒಂದು ಸುತ್ತು ಮುಂದೆ ಹೋಗಿ ಹಿಂದಿನಿಂದ ಗುಂಪನ್ನು ಸೇರಿಕೊಂಡರೆ ಒಟ್ಟಿಗೇ 20.

ಮೂರನೇ ರೇಸ್ ಹೊತ್ತಿಗೆ ನಮ್ಮವರು ಸೀಟಿನ ತುದಿಗೆ ಬಂದಿದ್ದರು. "ಕೊನೆಯಲ್ಲಿರುವವನನ್ನು ನೋಡು, ಮೊದಲಿನವನನ್ನು ಬಿಡು" ಎಂದು ನನಗೇ ಪಾಠ ಹೇಳತೊಡಗಿದರು!

ಬಿಡುವಿನಲ್ಲಿ ಆ ಹಿರಿಯರು ಕೇಳಿದರು, "ನಿಮ್ಮ ದೇಶದವರು ಯಾರು?"

"ಈ ಆಟದಲ್ಲಿ ಯಾರೂ ಇಲ್ಲ. ನಮ್ಮದು ಹಾಕಿ."

"ಇಡೀ ದೇಶವೇ ಹಾಕಿಯಾ?"

"ಅಲ್ಲ, ನಮ್ಮ ಜಿಲ್ಲೆ." ಇನ್ನು ಇವರನ್ನು ನಿಲ್ಲಿಸುವವರಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕುಟುಂಬ ಹಾಕಿ, ಒಂದೊಂದು ಮನೆತನಕ್ಕೆ ಒಂದೊಂದು ತಂಡ, ಆ ವರ್ಷ ನಾಪೋಕ್ಲುವಿನಲ್ಲಿ 360 ಕುಟುಂಬ ಎಂದೆಲ್ಲ ಹೇಳಿದರು. ಅವರು ನಂಬಲಿಲ್ಲ. ಮೊಬೈಲ್ ತೆಗೆದು, ಅಜ್ಜ ಮೊಮ್ಮಗ ಒಂದೇ ಜೆರ್ಸಿಯಲ್ಲಿ ನಿಂತ ಫೋಟೊ ತೋರಿಸಬೇಕಾಯಿತು.

"ನಮ್ಮ ದೇಶದ ವೆಲೊಡ್ರೋಮ್ ಇರೋದು ಸಂಗಾಲ್ಯೋಸ್‌ನಲ್ಲಿ. ದ್ರಾಕ್ಷಿ ಬೆಳೆಯುವ ಕಡೆ. ನನ್ನ ಹಳ್ಳಿ ಅಲ್ಲೇ ಹತ್ತಿರ" ಎಂದರು ಅವರು. "ನಾನು ಊರು ಬಿಟ್ಟ ಎಷ್ಟೋ ವರ್ಷದ ಮೇಲೆ ಕಟ್ಟಿದರು. ಒಂದು ಸಲವೂ ಒಳಗೆ ಹೋಗಿಲ್ಲ." ಇವರು ಏನೂ ಹೇಳದೆ, ಚೀಲದಿಂದ ಏಲಕ್ಕಿ ಬಾಳೆಕಾಯಿ ಚಿಪ್ಸ್ ತೆಗೆದು ಕೊಟ್ಟರು.

ಪಾಯಿಂಟ್ಸ್ ರೇಸ್ ಶುರುವಾಯಿತು. ಫ್ರಾನ್ಸಿನ ಬೆಂಜಮಿನ್ ತೋಮಾ ಸ್ಕ್ರೀನ್ ಮೇಲೆ ಕಂಡರೆ ಸಾಕು, ಕಾಲ ಕೆಳಗಿನ ಸಿಮೆಂಟ್ ನಡುಗುತ್ತಿತ್ತು. ಅಂಥ ಗದ್ದಲದ ನಡುವೆ ತೋಮಾ ಬಿದ್ದರು. ಟ್ರ್ಯಾಕ್ ಮೇಲೆ ಸೈಕಲ್ ಒಂದು ಕಡೆ, ಮನುಷ್ಯ ಒಂದು ಕಡೆ. ಸಾವಿರಾರು ಜನರ ಬಾಯಿ ಒಟ್ಟಿಗೇ ಮುಚ್ಚಿತು. ನಾನು ಮಗಳ ಕೈ ಹಿಡಿದುಕೊಂಡೆ. ಅವಳು ಘಾಟಿಯಲ್ಲಿ ಹೀಗೇ ಬಿದ್ದರೆ ನೋಡೋಕೆ ಯಾರಿರ್ತಾರೆ ಎಂಬ ಯೋಚನೆ ಬಂತು. ಅಷ್ಟರಲ್ಲಿ ಅವರು ಎದ್ದರು. ಸೈಕಲ್ ಹತ್ತಿ ಮತ್ತೆ ಗುಂಪಿಗೆ ಬಂದರು. ಚಿನ್ನವನ್ನೂ ಗೆದ್ದರು. ಆ ಕೂಗಿಗೆ ನನ್ನ ಕಿವಿ ರಾತ್ರಿಯವರೆಗೂ ಗುಂಯ್ ಎನ್ನುತ್ತಿತ್ತು.

ನಮ್ಮ ಪಕ್ಕದವರು ಮಾತ್ರ ಎದ್ದಿರಲಿಲ್ಲ. ಅವರ ಹುಡುಗ ಯೂರಿ ಲೈತಾಂಗೆ ಬೆಳ್ಳಿ. ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಪೋರ್ಚುಗಲ್‌ಗೆ ಮೊಟ್ಟಮೊದಲ ಒಲಿಂಪಿಕ್ ಪದಕ. ಬಾವುಟದಲ್ಲೇ ಮುಖ ಒರೆಸಿಕೊಂಡರು. ನಮ್ಮವರು ಅವರ ಬೆನ್ನು ತಟ್ಟಿ, "ಇವತ್ತು ನಮಗೆ ಕಂಚು, ನಿಮಗೆ ಬೆಳ್ಳಿ" ಎಂದರು. ಇಬ್ಬರೂ ನಂಬರ್ ಬದಲಾಯಿಸಿಕೊಂಡರು.

ಆಗಸ್ಟ್ 10ರ ಮ್ಯಾಡಿಸನ್ ಎಂಬ ರೇಸ್‌ಗೆ ನಮ್ಮಲ್ಲಿ ಟಿಕೆಟ್ ಇರಲಿಲ್ಲ. ರೂಮಿನ ಟಿವಿಯಲ್ಲೇ ನೋಡಿದೆವು. ಇಬ್ಬಿಬ್ಬರ ಜೋಡಿ, ಓಡುತ್ತಲೇ ಕೈ ಹಿಡಿದು ಜೊತೆಗಾರನನ್ನು ಮುಂದಕ್ಕೆ ಎಸೆಯುವುದು, 200 ಸುತ್ತು. ನನ್ನನ್ನು ಕೇಳಿದರೆ ಇಡೀ ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಇದಕ್ಕಿಂತ ಚೆಂದದ ರೇಸ್ ಇಲ್ಲ. ಲೈತಾಂ ಮತ್ತು ರೂಯಿ ಒಲಿವೇರಾ ಕೊನೆಗೆ ನುಗ್ಗಿ ಬಂದು ಚಿನ್ನ ಗೆದ್ದರು. ಇವರ ಫೋನ್ ಟಿಣ್ ಎಂದಿತು. ಬರೀ ಅಳುವ ಮುಖಗಳು, ಸಾಲು ಸಾಲು.

ಮರುದಿನ ಆ ಹಿರಿಯರಿಂದ ಇನ್ನೊಂದು ಮೆಸೇಜ್. ಬರುವ ಬೇಸಿಗೆಗೆ ಕೊಡಗಿಗೆ ಬರ್ತಾರಂತೆ, ಹಾಕಿ ನೋಡೋಕೆ. ಯಾವುದಾದರೂ ಕುಟುಂಬದ ತಂಡಕ್ಕೆ ತಮ್ಮನ್ನು ಸೇರಿಸಿಕೊಳ್ತಾರಾ ಎಂದು ಕೇಳಿದ್ದಾರೆ. ನಿಯಮ ವಿಚಾರಿಸಿ ಹೇಳ್ತೇನೆ ಎಂದು ಇವರು ಉತ್ತರ ಕೊಟ್ಟಿದ್ದಾರೆ. ಜೊತೆಗೆ, ರೂಮ್ ಬುಕ್ ಮಾಡಬೇಡಿ, ನಮ್ಮ ಮನೆಗೇ ಬನ್ನಿ ಎಂದೂ.