“ಈ ಆಫರ್ ಲೆಟರ್ ಅಸಲಿಯಾ ಅಣ್ಣ?” — ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ ಉಂಟು. ಜೆರಾಕ್ಸ್, ಪಾಸ್‌ಪೋರ್ಟ್ ಅರ್ಜಿ, ಟಿಕೆಟ್ ಪ್ರಿಂಟ್, ಫಾರಂ ತುಂಬುವ ಕೆಲಸ. ಅದಕ್ಕೆ ಮೊದಲು ಹದಿಮೂರು ವರ್ಷ ಅಬುಧಾಬಿಯಲ್ಲಿ ಒಂದು ಕಟ್ಟಡ ಕಂಪೆನಿಯಲ್ಲಿ ಟೈಮ್‌ಕೀಪರ್ ಆಗಿದ್ದೆ. ಕಂಪ್ಯೂಟರೂ ಗೊತ್ತು, ಗಲ್ಫೂ ಗೊತ್ತು ಎಂದು ಜನ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಅದರಲ್ಲೊಂದು ಪಿಡಿಎಫ್ ತೆರೆದಿರುತ್ತದೆ. ಕೇಳುವುದು ಒಂದೇ: “ಇದು ಅಸಲಿಯಾ ನಕಲಿಯಾ, ಒಮ್ಮೆ ನೋಡಿ ಹೇಳಿ ಅಣ್ಣ.”

ಅಂಗಡಿಯ ಗಡಿಬಿಡಿಯಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಕಾಗದ ನೋಡಿ ಇದು ಅಸಲಿ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಕಾಗದ ನಕಲಿ ಎಂದು ಕೆಲವೊಮ್ಮೆ ಹೇಳಬಹುದು, ಅಷ್ಟೆ. ಯಾಕೆಂದರೆ ನಾನು ಕಂಡ ಕೆಟ್ಟ ಪ್ರಕರಣಗಳಲ್ಲಿ ಕಾಗದವೆಲ್ಲ ಸರಿಯಾಗಿಯೇ ಇತ್ತು. ವೀಸಾ ಅಸಲಿ, ಟಿಕೆಟ್ ಅಸಲಿ, ಇಳಿದ ವಿಮಾನ ನಿಲ್ದಾಣವೂ ಅಸಲಿ. ಇಲ್ಲದೇ ಇದ್ದದ್ದು ಕೆಲಸ ಮಾತ್ರ. ಹಾಗಾಗಿ ನಾನು ಲೆಟರ್ ಓದುವ ಮೊದಲು ಮೂರು ಸಂಗತಿ ಕೇಳುತ್ತೇನೆ. ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ? ವೀಸಾ ಯಾವ ಬಗೆಯದು? ನಡುವೆ ನಿಂತಿರುವವನು ಯಾರು?

ಕಳೆದ ಆಟಿ ತಿಂಗಳಲ್ಲಿ ಒಬ್ಬರು ತಾಯಿ, ಇಪ್ಪತ್ತೆರಡು ವರ್ಷದ ಮಗ ಬಂದರು. ತಾಯಿ ಬೀಡಿ ಕಟ್ಟುವವರು. ಮಗ ಪ್ಲಸ್ ಟು ಮುಗಿಸಿ ವಯರಿಂಗ್ ಕೆಲಸಕ್ಕೆ ಸಹಾಯಕನಾಗಿ ಹೋಗುತ್ತಿದ್ದ. ಲೆಟರ್‌ನ ಮೇಲ್ಭಾಗದಲ್ಲಿ ದೊಡ್ಡದೊಂದು ತೈಲ ಕಂಪೆನಿಯ ಲಾಂಛನ, ಅಂಚು ಮಸುಕಾಗಿ ಅಡ್ಡಕ್ಕೆ ಎಳೆದಂತೆ ಕಾಣುತ್ತಿತ್ತು. ಹೆಲ್ಪರ್ ಕೆಲಸ, ತಿಂಗಳಿಗೆ 4,500 ದಿರ್ಹಂ, ಊಟ ವಸತಿ ಉಚಿತ. ನಾನು ಟೈಮ್‌ಶೀಟ್ ಬರೆಯುತ್ತಿದ್ದ ಕಾಲದಲ್ಲಿ ಹೆಲ್ಪರ್‌ಗಳಿಗೆ ಸಾವಿರ ದಿರ್ಹಂ ಸಿಕ್ಕಿದರೆ ಅದು ಒಳ್ಳೆಯ ಸಂಬಳ. ಕೆಳಗೆ ಬರೆದ ವಿಳಾಸ ನೋಡಿದೆ: ಅಬುಧಾಬಿ, ಅದರ ಮುಂದೆ ಆರಂಕಿಯ ಪಿನ್‌ಕೋಡ್. ಯುಎಇಯಲ್ಲಿ ಪಿನ್‌ಕೋಡ್ ಎಂಬುದೇ ಇಲ್ಲ. ಅಲ್ಲಿ ಕಾಗದ ಬರುವುದು ಪೋಸ್ಟ್ ಬಾಕ್ಸ್ ನಂಬರಿಗೆ. ಭಾರತದಲ್ಲೇ ಎಲ್ಲೋ ಕೂತು, ವಿಳಾಸ ಎಂದರೆ ಪಿನ್‌ಕೋಡ್ ಇರಬೇಕು ಎಂಬ ಅಭ್ಯಾಸದಲ್ಲಿ ಯಾರೋ ಟೈಪ್ ಮಾಡಿದ ಕಾಗದ ಅದು. ಇಮೇಲ್ ವಿಳಾಸ ಜಿಮೇಲ್‌ನದು.

“ಇಂಟರ್‌ವ್ಯೂ ಆಯ್ತಾ?” ಎಂದು ಕೇಳಿದೆ.

“ವಾಟ್ಸಾಪಲ್ಲಿ ಆಯ್ತು. ಹೆಸರು, ವಯಸ್ಸು, ಪಾಸ್‌ಪೋರ್ಟ್ ಉಂಟಾ ಅಂತ ಕೇಳಿದ್ರು.”

“ವಯರಿಂಗ್ ಬಗ್ಗೆ ಎಂತ ಕೇಳಿದ್ರು?”

ಹುಡುಗ ತಲೆ ಅಲ್ಲಾಡಿಸಿದ. ವೆಲ್ಡರ್, ಪೈಪ್ ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕಾದ ಕಂಪೆನಿ ಮುಂಬೈಗೋ ಕೊಚ್ಚಿಗೋ ಕರೆಸಿ ಟ್ರೇಡ್ ಟೆಸ್ಟ್ ಮಾಡಿಸುತ್ತದೆ. ಕೈಗೆ ಉಪಕರಣ ಕೊಟ್ಟು ಮಾಡಿ ತೋರಿಸು ಎನ್ನುತ್ತದೆ. ಇಲ್ಲಿ ಅಂಥದ್ದೊಂದೂ ನಡೆದಿರಲಿಲ್ಲ. ನಡೆದದ್ದು 18,500 ರೂಪಾಯಿಯ ಮಾತು. “ಮೆಡಿಕಲ್ ಮತ್ತು ಪ್ರೊಸೆಸಿಂಗ್, ಅಲ್ಲಿಗೆ ಹೋದ ಮೇಲೆ ವಾಪಸ್.” ಕಳಿಸಬೇಕಾದದ್ದು ಕಂಪೆನಿಯ ಖಾತೆಗಲ್ಲ, ಯಾರೋ ಒಬ್ಬ ವ್ಯಕ್ತಿಯ ಯುಪಿಐಗೆ, ಸಂಜೆ ಐದರ ಒಳಗೆ. ಅವರು ನಿಂತಿದ್ದಾಗಲೇ ಮಲಯಾಳದಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು, ಇನ್ನು ಒಂದೇ ಸೀಟು ಉಳಿದಿದೆ ಎಂದು. ತಾಯಿಯ ಕೈಯಲ್ಲಿ ಕರವಸ್ತ್ರದ ಗಂಟು, ಅದರೊಳಗೆ ಒಂದು ಬಳೆ. ಇಲ್ಲಿಂದ ಸೀದಾ ಸೊಸೈಟಿಗೆ ಹೋಗಿ ಅಡವಿಡುವುದೆಂದು ಹೊರಟಿದ್ದರು.

ಹಣದ ವಿಷಯ ಸ್ಪಷ್ಟವಾಗಿ ಹೇಳುತ್ತೇನೆ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಕಂಪೆನಿಯದು. ಅದನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯ ಅಡಿಯಲ್ಲಿ, ನೋಂದಾಯಿತ ಏಜೆಂಟ್ ತನ್ನ ಸೇವೆಗೆ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಒಟ್ಟು 35,400. ಅದಕ್ಕೆ ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷ, ಎರಡು ಲಕ್ಷ ಕೇಳುವವನು ಲೈಸೆನ್ಸ್ ಇದ್ದವನೇ ಆದರೂ ತಪ್ಪಿತಸ್ಥ. ರಸೀದಿ ಕೇಳಿ ನೋಡಿ. “ನಂಬಿಕೆ ಇಲ್ವಾ?” ಎಂದು ಬೇಸರ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ನನಗೂ ಈ ಬುದ್ಧಿ ಪೆಟ್ಟು ತಿಂದ ಮೇಲೆಯೇ ಬಂತು. 2006ರಲ್ಲಿ ಬಜ್ಪೆಯಿಂದ ದುಬೈಗೆ ವಿಮಾನ ಶುರುವಾಗುವ ಮೊದಲು ನಮ್ಮ ಕಡೆಯ ಎಷ್ಟೋ ಜನರಿಗೆ ಬೊಂಬಾಯಿಯೇ ಗಲ್ಫಿನ ಹೆಬ್ಬಾಗಿಲು. 2003ರಲ್ಲಿ ‘ಫ್ರೀ ವೀಸಾ’, ಅಂದರೆ ಹೋಗಿ ಯಾರ ಬಳಿ ಬೇಕಾದರೂ ದುಡಿಯಬಹುದಾದ ವೀಸಾ, ಎಂದು ನಂಬಿಸಿದವನಿಗೆ ಅಪ್ಪ ಅಡಕೆ ಮಾರಿದ ದುಡ್ಡು ಕೊಟ್ಟರು. ಬೊಂಬಾಯಿಯ ಡೋಂಗ್ರಿಯ ಒಂದು ಕೋಣೆಯಲ್ಲಿ ಹನ್ನೊಂದು ಮಂದಿಯ ಜೊತೆ ಇಪ್ಪತ್ತಾರು ದಿನ ಕಾದೆ. ದಿನಾ ಬೆಳಿಗ್ಗೆ “ನಾಳೆ” ಎಂದು ಹೇಳುತ್ತಿದ್ದರು. ಇಪ್ಪತ್ತೇಳನೆಯ ದಿನ ಹೇಳುವವನೇ ಬರಲಿಲ್ಲ. ಊರಿಗೆ ಬಂದು ಎರಡು ತಿಂಗಳು ಪೇಟೆಗೆ ಮುಖ ತೋರಿಸಲಿಲ್ಲ, ಪೊಲೀಸರಿಗೆ ದೂರನ್ನೂ ಕೊಡಲಿಲ್ಲ. ಆ ಮನುಷ್ಯ ನಮ್ಮ ಭಾಷೆಯವನು, ಅಪ್ಪನನ್ನು “ಮಾವ” ಎಂದು ಕರೆಯುತ್ತಿದ್ದವನು. ನಾನು ಸುಮ್ಮನಿದ್ದ ಕಾರಣ ಅವನು ಮತ್ತೆಷ್ಟು ಮನೆಗೆ ಹೋದನೋ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಇನ್ನು ವೀಸಾ. ಹೆಚ್ಚಿನವರು ಎಡವುವುದು ಇಲ್ಲೇ. “ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕಂಪೆನಿ ಬದಲಿಸಿ ಕೊಡುತ್ತದೆ” ಎನ್ನುವ ಮಾತು ತುಂಬ ಹಳೆಯದು. ವಿಸಿಟ್‌ನಲ್ಲಿ ಹೋಗಿ ಕೆಲಸ ಹುಡುಕಿಕೊಂಡವರು ನಮ್ಮೂರಲ್ಲಿ ಇದ್ದಾರೆ, ಸುಳ್ಳಲ್ಲ. ಆದರೆ ಅವರಿಗೆ ತಾವು ಕೆಲಸ ಹುಡುಕಲು ಹೋಗುತ್ತಿದ್ದೇವೆಂದು ಗೊತ್ತಿತ್ತು. ಇರಲು ಬಂಧುಗಳ ಕೋಣೆ ಇತ್ತು, ಹಿಂದೆ ಬರುವ ಟಿಕೆಟ್ ಇತ್ತು. ಕೆಲಸ ಸಿಕ್ಕಿದೆ ಎಂದು ನಂಬಿ ವಿಸಿಟ್‌ನಲ್ಲಿ ಹೋಗುವವನ ಪಾಡು ಬೇರೆ. ವಿಸಿಟ್ ವೀಸಾದಲ್ಲಿ ದುಡಿಯುವುದೇ ಅಲ್ಲಿ ಕಾನೂನು ಬಾಹಿರ. ಸಂಬಳ ಕೊಡದಿದ್ದರೆ ಕೇಳಲು ಕೈಯಲ್ಲಿ ಕರಾರು ಇರುವುದಿಲ್ಲ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ ಏರುತ್ತಾ ಹೋಗುತ್ತದೆ. ಸರಿಯಾದ ದಾರಿಯಲ್ಲಿ ಬಂದ ಕೆಲಸಕ್ಕೆ ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಆಫರ್ ಇರುತ್ತದೆ. ಅದಕ್ಕೊಂದು ನಂಬರ್ ಇರುತ್ತದೆ, ನೀವು ಸಹಿ ಹಾಕಬೇಕಾಗುತ್ತದೆ. ಕಂಪೆನಿ ನಿಜವಾಗಿ ಇದೆಯೋ ಎಂದು ಯುಎಇಯ ರಾಷ್ಟ್ರೀಯ ಆರ್ಥಿಕ ನೋಂದಣಿಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು.

ಇಲ್ಲಿ ನಮ್ಮ ಹುಡುಗರಿಗೇ ವಿಶೇಷವಾಗಿ ತಟ್ಟುವ ಒಂದು ವಿಚಾರ ಉಂಟು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’, ಅಂದರೆ ವಲಸೆ ತಪಾಸಣೆ ಬೇಕು ಎಂದು ಇರುತ್ತದೆ. ಅಂಥವರು ಸೌದಿ, ಕುವೈತ್, ಯುಎಇ, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಕೇಂದ್ರ ಸರಕಾರದ ವಲಸೆ ಕಚೇರಿಯ ಅನುಮತಿ ಬೇಕು. ಕರಾರು ನೋಡುತ್ತಾರೆ, 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸುತ್ತಾರೆ. ಆದರೆ ಕಾಸರಗೋಡಿನಲ್ಲಿ ಈಗ ಎಸ್ಎಸ್ಎಲ್‌ಸಿ ಪಾಸಾಗದ ಹುಡುಗ ಸಿಗುವುದೇ ಕಷ್ಟ. ಹಾಗಾಗಿ ನಮ್ಮ ಹೆಚ್ಚಿನ ಮಕ್ಕಳು ಆ ಜರಡಿಗೆ ಸಿಗುವುದೇ ಇಲ್ಲ. ಓದಿದ್ದಾರೆ, ತಾವೇ ನೋಡಿಕೊಳ್ಳುತ್ತಾರೆ ಎಂಬುದು ಕಾನೂನಿನ ಲೆಕ್ಕ. ಆ ನೋಡಿಕೊಳ್ಳುವ ಕೆಲಸವನ್ನು ಮನೆಯವರೇ ಮಾಡಬೇಕು.

ಓದಿದವರಿಗೇ ಬೀಸಿದ ಬಲೆಯೂ ಉಂಟು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್, ಟೈಪಿಂಗ್ ಬಂದರೆ ಸಾಕು, ಟಿಕೆಟ್ ನಾವೇ ಹಾಕುತ್ತೇವೆ ಎಂದು ಟೆಲಿಗ್ರಾಂನಲ್ಲಿ ಬರುವ ಆಫರ್ ಅದು. ಇಲ್ಲಿ ಮೊದಲು ಹಣ ಕೇಳದೇ ಇರಬಹುದು, ನನ್ನ ಮೊದಲ ಪ್ರಶ್ನೆಗೆ ಇದು ಸಿಕ್ಕಿಬೀಳುವುದಿಲ್ಲ. ಬ್ಯಾಂಕಾಕಿನಲ್ಲಿ ಇಳಿಸಿ, ಕಾರಿನಲ್ಲಿ ಮೇಸೋಟ್ ಎಂಬ ಗಡಿ ಪಟ್ಟಣಕ್ಕೆ ಒಯ್ದು, ಮೊಯಿ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಗೆ ಸೇರಿಸುತ್ತಾರೆ. ಅಲ್ಲಿ ಬೇಲಿಯೊಳಗೆ ಕೂಡಿಹಾಕಿ, ಬೇರೆ ದೇಶದವರನ್ನು ಫೋನಿನಲ್ಲಿ ವಂಚಿಸುವ ಕೆಲಸ ಮಾಡಿಸುತ್ತಾರೆ. ನಮ್ಮ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚಿನಲ್ಲಿ ಹಾಗೆ ಸಿಕ್ಕಿಬಿದ್ದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರನ್ನೂ ಸುಳ್ಳು ಕೆಲಸದ ಆಫರ್ ಕೊಟ್ಟೇ ಸೆಳೆದದ್ದು. ಕೆಲಸಕ್ಕೆಂದು ಕರೆದು ಪ್ರವಾಸಿಯಾಗಿ ಬಾ ಎನ್ನುವವನ ಹಿಂದೆ ಮಕ್ಕಳನ್ನು ದಯವಿಟ್ಟು ಕಳಿಸಬೇಡಿ.

ನಡುವಿನವನ ಪರೀಕ್ಷೆ ಸುಲಭ. ಕಾರ್ಮಿಕರನ್ನು ವಿದೇಶಕ್ಕೆ ಕಳಿಸುವ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ, ಅಂದರೆ ಆರ್‌ಸಿ ನಂಬರ್ ಇರಬೇಕು. ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆ ಪಟ್ಟಿ ಉಂಟು, ನೋಂದಣಿ ಇಲ್ಲದವರೆಂದು ಗುರುತಿಸಿದವರ ಪಟ್ಟಿಯೂ ಉಂಟು. ಒಂದು ಎಚ್ಚರಿಕೆ: ಬೇರೆಯವರ ಆರ್‌ಸಿ ನಂಬರನ್ನು ತಮ್ಮ ಪೋಸ್ಟರಿನಲ್ಲಿ ಹಾಕಿಕೊಳ್ಳುವವರಿದ್ದಾರೆ. ಹಾಗಾಗಿ ಪೋಸ್ಟರಿನ ನಂಬರಿಗೆ ಫೋನ್ ಮಾಡಿ ಕೇಳಿ ಪ್ರಯೋಜನ ಇಲ್ಲ. ವೆಬ್‌ಸೈಟಿನಲ್ಲಿ ಆ ಏಜೆಂಟನ ಹೆಸರಿನ ಮುಂದೆ ಇರುವ ನಂಬರಿಗೇ ಮಾಡಿ, “ಇಂಥವರು ನಿಮ್ಮವರಾ?” ಎಂದು ಕೇಳಿ. “ನಾನು ಅವರ ಸಬ್ ಏಜೆಂಟ್” ಎನ್ನುವವನ ಕೈಗೆ ಹಣವನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಕೊಡಬೇಡಿ.

ಗಡಿಯಲ್ಲಿ ಇರುವ ನಮಗೆ ಇನ್ನೆರಡು ತೊಡಕು. ಹುಡುಗ ಕೇರಳದವನು, ಏಜೆಂಟ್ ಮಂಗಳೂರಿನಲ್ಲಿ ಕೂತವನು, ಹಣ ಹೋದ ಖಾತೆ ಉತ್ತರ ಭಾರತದ ಎಲ್ಲೋ. ದೂರು ಕೊಡಲು ಹೋದರೆ ಅಲ್ಲಿಗೆ ಹೋಗಿ, ಇಲ್ಲಿಗೆ ಹೋಗಿ ಎಂದು ಅಲೆಸಿದ್ದನ್ನು ನಾನೇ ಜೊತೆಗೆ ಹೋಗಿ ನೋಡಿದ್ದೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ವಿಧಿಯ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯುಪಿಐಯಲ್ಲಿ ಹಣ ಹೋಗಿದ್ದರೆ ಅದಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಂಟೆಗಳ ಒಳಗೆ ಹೇಳಿದರೆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಉಂಟು. ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ.

ಎರಡನೆಯ ತೊಡಕು ಭಾಷೆ. ಕೇರಳ ಸರಕಾರದ ಸಂಸ್ಥೆಗಳಾದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ವಿದೇಶದ ಕೆಲಸಗಳಿಗೆ ಪ್ರಾಮಾಣಿಕವಾಗಿ ನೇಮಕಾತಿ ಮಾಡುತ್ತವೆ, ವಂಚನೆಯ ಬಗ್ಗೆ ಎಚ್ಚರಿಸುತ್ತವೆ. ಆದರೆ ನಮ್ಮ ಕೈಗೆ ಬರುವ ಅವುಗಳ ಪ್ರಕಟಣೆಗಳೆಲ್ಲ ಹೆಚ್ಚಾಗಿ ಮಲಯಾಳದಲ್ಲಿ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳು ಮಲಯಾಳ ಮಾತಾಡುತ್ತಾರೆ, ಓದುವಾಗ ತಡವರಿಸುತ್ತಾರೆ. ಹಾಗಾಗಿ ಸರಕಾರದ ಎಚ್ಚರಿಕೆಗಿಂತ ಮೊದಲು ಕನ್ನಡದಲ್ಲಿ ಸಿಹಿಯಾಗಿ ಮಾತಾಡುವ ಏಜೆಂಟನ ಫೋನು ಅವರಿಗೆ ಮುಟ್ಟುತ್ತದೆ. ನಾನು ಇಷ್ಟುದ್ದ ಬರೆಯಲು ಇದೂ ಒಂದು ಕಾರಣ. ನೋರ್ಕಾದ ಉಚಿತ ನಂಬರ್ 1800 425 3939. ಮಲಯಾಳದಲ್ಲಿ ಮಾತಾಡಲು ಅಳುಕಾದರೆ ಅಕ್ಕಪಕ್ಕದಲ್ಲಿ ಗೊತ್ತಿರುವ ಒಬ್ಬರನ್ನು ಕೂರಿಸಿಕೊಂಡು ಮಾಡಿ.

ಆ ದಿನ ತಾಯಿ ಮಗನನ್ನು ಬೆಂಚಿನ ಮೇಲೆ ಕೂರಿಸಿ, ಆ ತೈಲ ಕಂಪೆನಿಯ ಸ್ವಂತ ವೆಬ್‌ಸೈಟನ್ನು ತೆರೆದು ತೋರಿಸಿದೆ. ಕೆಲಸಕ್ಕಾಗಿ ನಾವು ಯಾರಿಂದಲೂ ಹಣ ಕೇಳುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ನಾನು ಕನ್ನಡದಲ್ಲಿ ಓದಿ ಹೇಳಿದೆ. ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಗೆಳೆಯರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದನಂತೆ. ತಾಯಿ ಗಂಟು ಬಿಚ್ಚಿ ಬಳೆಯನ್ನು ಕೈಗೆ ಹಾಕಿಕೊಂಡರು.

ಹೋದ ವಾರ ಅವನು ಮತ್ತೆ ಬಂದಿದ್ದ. ಈಗ ವಯರ್‌ಮನ್ ಲೈಸೆನ್ಸಿಗೆ ಓದುತ್ತಿದ್ದಾನೆ. ಕೈಯಲ್ಲಿ ಎಲೆಕ್ಟ್ರಿಷಿಯನ್‌ಗಳಿಗೆ ಸಂಬಂಧಿಸಿದ ಸರಕಾರಿ ಪ್ರಕಟಣೆಯೊಂದು ಇತ್ತು, ಮಲಯಾಳದ್ದು. ನಾನು ಒಂದೊಂದೇ ಸಾಲು ಓದಿದೆ, ಅವನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡ. ಶುಲ್ಕದ ಸಾಲು ಬಂದಾಗ ಪೆನ್ನು ನಿಲ್ಲಿಸಿ ಕೇಳಿದ: “ಇದಕ್ಕೆ ರಸೀದಿ ಕೊಡ್ತಾರಾ ಅಣ್ಣ?”