ನಾನು ಅಳಿಸಿದ ಏಳು ಸಾಲು

ಆ ಸರ್ವರ್ ಚಿಪ್ ಈಗ ಮಾರುಕಟ್ಟೆಗೆ ಬಂದು ವರ್ಷವಾಗಿದೆ. ಆದರೂ ಅದರ ಹೆಸರು ಕಿವಿಗೆ ಬಿದ್ದರೆ ನನಗೆ ಮೊದಲು ನೆನಪಾಗುವುದು ಒಂದು ಬುಧವಾರದ ಸಂಜೆಯ ರಿವ್ಯೂ ಕಾಲ್. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕದ ಕ್ಯಾಂಪಸ್ಸಿನಲ್ಲಿ ಸರ್ವರ್ ಪರ್ಫಾರ್ಮೆನ್ಸ್ ಟೀಮಿನಲ್ಲಿ ಕೆಲಸ ಮಾಡುತ್ತೇನೆ, ಅಷ್ಟು ಸಾಕು.

ಎಷ್ಟು ಕೆಲಸಕ್ಕೆ ಎಷ್ಟು ಸರ್ವರ್ ಬೇಕು ಎಂದು ಲೆಕ್ಕ ಹಾಕುವ ಕೆಪ್ಯಾಸಿಟಿ ಪ್ಲಾನಿಂಗಿನವರಿಗೆ ಬೇಕಾಗಿದ್ದದ್ದು ಒಂದೇ ಸಂಖ್ಯೆ: ಎಲ್ಲ ಕೋರ್‌ಗಳೂ ದುಡಿಯುವಾಗ ಈ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ? ಕೇಳಲು ಸುಲಭ. ಆದರೆ ಹಲವು ಡೇಟಾಶೀಟುಗಳಲ್ಲಿ ಸಿಗುವುದು ಬೇಸ್ (ಕನಿಷ್ಠ ಭರವಸೆಯ ವೇಗ) ಮತ್ತು ಮ್ಯಾಕ್ಸ್ ಬೂಸ್ಟ್ (ಗರಿಷ್ಠ ವೇಗ) ಮಾತ್ರ. 2019ರಲ್ಲಿ ಬಂದ ಎಎಂಡಿಯ ಸರ್ವರ್ ಪ್ರೊಸೆಸರ್ ಎಪಿಕ್ 7742 ತೆಗೆದುಕೊಳ್ಳಿ. 64 ಕೋರ್, 225 ವ್ಯಾಟ್, ಬೇಸ್ 2.25, ಬೂಸ್ಟ್ 3.4. ನಡುವೆ ಒಂದು ಗಿಗಾಹರ್ಟ್ಸ್‌ಗೂ ಮೀರಿದ ಅಂತರ. ಆ 3.4 ಬರುವುದು ಬೆರಳೆಣಿಕೆಯ ಕೋರ್‌ಗಳಿಗೆ ಮಾತ್ರ ಕೆಲಸವಿದ್ದಾಗ. 64 ಕೋರ್‌ಗೂ ಲೋಡ್ ಬಿದ್ದರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪವರ್, ಬಿಸಿ, ಕರೆಂಟ್, ಓಡುತ್ತಿರುವ ಇನ್‌ಸ್ಟ್ರಕ್ಷನ್ ಎಲ್ಲ ಸೇರಿ ನಿರ್ಧರಿಸುತ್ತವೆ.

ನಮ್ಮ ಲ್ಯಾಬಿನಲ್ಲಿ ಇದ್ದದ್ದು ನಾಲ್ಕೇ ಮಷೀನು. ಉಳಿದ ಸ್ಯಾಂಪಲ್‌ಗಳೆಲ್ಲ ಬೇರೆ ಬೇರೆ ಟೀಮುಗಳ ಕೈಯಲ್ಲಿ ಹಂಚಿಹೋಗಿದ್ದವು. ಕೆಲವು ಇಎಸ್1, ಹೆಚ್ಚಿನವು ಇಎಸ್2 (ಬಿಡುಗಡೆಗೆ ಮೊದಲಿನ ಪ್ರಾಯೋಗಿಕ ಚಿಪ್‌ಗಳು), ಕ್ಯೂಎಸ್ (ಅಂತಿಮ ರೂಪಕ್ಕೆ ಹತ್ತಿರದವು) ಆಗಷ್ಟೇ ಬರತೊಡಗಿದ್ದವು. ಎಲ್ಲರಿಂದಲೂ ಡೇಟಾ ತರಿಸಿಕೊಂಡರೆ ಹೇಗೆ ಎಂದು ಹೇಳಿದವಳು ನಾನೇ. 2019ರಲ್ಲಿ ಜರ್ಮನಿಯ ಓವರ್‌ಕ್ಲಾಕರ್ ಡೆರ್‌ಬಾವರ್ ಎಎಂಡಿಯ ಡೆಸ್ಕ್‌ಟಾಪ್ ಪ್ರೊಸೆಸರ್ ರೈಜನ್ 3000 ಬಳಕೆದಾರರಿಂದ ಬೂಸ್ಟ್ ಅಂಕಿ ಸಂಗ್ರಹಿಸಿದ್ದು ನನ್ನ ತಲೆಯಲ್ಲಿತ್ತು. ಸುಮಾರು 2,700 ಜನ ಕಳಿಸಿದ್ದರು. ಆ ಸರಣಿಯ 3900ಎಕ್ಸ್ ಇಟ್ಟುಕೊಂಡವರಲ್ಲಿ ಪೆಟ್ಟಿಗೆಯ ಮೇಲೆ ಬರೆದ 4.6 ಗಿಗಾಹರ್ಟ್ಸ್ ಮುಟ್ಟಿದವರು ಶೇ. 5.6 ಮಾತ್ರ. ಕೆಲವೇ ದಿನಗಳಲ್ಲಿ ಎಎಂಡಿ ಫರ್ಮ್‌ವೇರಿನಲ್ಲಿ (ಹಾರ್ಡ್‌ವೇರನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ದೋಷವಿದೆ ಎಂದು ಒಪ್ಪಿಕೊಂಡು ಸರಿಪಡಿಸಿದ ಆವೃತ್ತಿ ಕೊಟ್ಟಿತು. ಜನರೇ ಅಳೆದು ಕೊಟ್ಟ ಅಂಕಿಗೆ ಎಂಥ ಬಲವಿದೆ ಎಂದು ಆಗ ರೋಮಾಂಚನವಾಗಿತ್ತು. ಆದರೆ ಆ ಸಮೀಕ್ಷೆಯಲ್ಲಿ ಎಲ್ಲರೂ ಓಡಿಸಿದ್ದು ಒಂದೇ ಪರೀಕ್ಷೆ, ಸಿನೆಬೆಂಚ್ ಆರ್15, ಒಂದೇ ಕೋರ್ ಮೇಲೆ. ಚಿಪ್‌ಗಳು ಅಂಗಡಿಯಿಂದ ತಂದವು. ಅವರ ಫಲಿತಾಂಶ ನನಗೆ ಕಂಠಪಾಠವಾಗಿತ್ತು, ಅವರ ಶಿಸ್ತು ನನ್ನ ಮೇಲ್‌ನಲ್ಲಿ ಇರಲಿಲ್ಲ.

ನಾನು ಕಳಿಸಿದ ಮೇಲ್ ನಾಲ್ಕು ಸಾಲಿನದು. ಕೋರ್‌ಗಳ ವೇಗ ತೋರಿಸುವ ಟರ್ಬೋಸ್ಟ್ಯಾಟ್ ಹಾಕಿ, ಎಲ್ಲ ಕೋರ್‌ಗೂ ಲೋಡ್ ಕೊಡಿ, ಬಂದ ಮೆಗಾಹರ್ಟ್ಸ್ ಶೀಟಿನಲ್ಲಿ ತುಂಬಿ, ಏನಾದರೂ ಹೇಳುವುದಿದ್ದರೆ ರಿಮಾರ್ಕ್ಸ್‌ನಲ್ಲಿ ಬರೆಯಿರಿ. ಯಾವ ಲೋಡ್, ಎಷ್ಟು ಹೊತ್ತು, ಯಾವ ಬಯಾಸ್ (ಮದರ್‌ಬೋರ್ಡಿನ ಫರ್ಮ್‌ವೇರ್), ಒಂದನ್ನೂ ಹೇಳಿರಲಿಲ್ಲ. ಹತ್ತು ದಿನದಲ್ಲಿ 38 ಸಾಲು ಬಂದವು. ಒಂದು ಸಾಲು ವರ್ಚುವಲ್ ಮಷೀನಿನ ಒಳಗಿಂದ ಸಿಪಿಯು-ಇನ್ಫೋ ನೋಡಿ ಬರೆದದ್ದು. ವರ್ಚುವಲ್ ಮಷೀನು ತೋರಿಸುವ ಆ ಅಂಕಿ ಸಾಮಾನ್ಯವಾಗಿ ಲೋಡ್ ಇರಲಿ ಬಿಡಲಿ ಅಲುಗಾಡುವುದಿಲ್ಲ. ಇಬ್ಬರು ಬಿಝಿ-ಮೆಗಾಹರ್ಟ್ಸ್ ಬದಲು ಆವರೇಜ್-ಮೆಗಾಹರ್ಟ್ಸ್ ಕಾಲಂ ತುಂಬಿದ್ದರು. ಆವರೇಜ್ ಕಾಲಂ ಕೋರ್ ಸುಮ್ಮನೆ ಕೂತ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಲೋಡ್ ಪೂರ್ತಿ ಇಲ್ಲದಿದ್ದರೆ ತಗ್ಗಿನಲ್ಲಿ ಕಾಣುತ್ತದೆ. ಆ ಮೂರನ್ನೂ ಅವರವರಿಗೆ ಹೇಳಿ ಸರಿಮಾಡಿಸಿದೆ.

ಉಳಿದದ್ದನ್ನು ಗ್ರಾಫ್ ಮಾಡಿದರೆ ಎರಡು ದಿಬ್ಬ. ದೊಡ್ಡದು 3.1 ಗಿಗಾಹರ್ಟ್ಸ್‌ನ ಆಸುಪಾಸು. ಅದರ ಎಡಕ್ಕೆ, 2.7ರ ಹತ್ತಿರ, ಏಳು ಸಾಲಿನ ಚಿಕ್ಕ ದಿಬ್ಬ. ಏಳೂ ಬಂದದ್ದು ಎರಡನೇ ಮಹಡಿಯ ಸಿಸ್ಟಮ್ ವ್ಯಾಲಿಡೇಶನ್ ಲ್ಯಾಬಿನಿಂದ, ಒಬ್ಬರೇ ತುಂಬಿದ್ದು. ಆಗಷ್ಟೇ ಇಬ್ಬರ ಕಾಲಂ ತಪ್ಪನ್ನು ಹಿಡಿದಿದ್ದೆನಲ್ಲ, ಇವರೂ ಅದನ್ನೇ ಮಾಡಿದ್ದಾರೆ ಎಂದು ಎರಡನೇ ಯೋಚನೆಯಿಲ್ಲದೆ ನಂಬಿಬಿಟ್ಟೆ. ರಾತ್ರಿ ಒಂಬತ್ತು ದಾಟಿತ್ತು. ಮರುದಿನ ಮಧ್ಯಾಹ್ನದೊಳಗೆ ಡಾಕ್ಯುಮೆಂಟ್ ಹೋಗಬೇಕಿತ್ತು. ಏಳು ಸಾಲು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ಗ್ರಾಫ್ ಒಂದೇ ದಿಬ್ಬವಾಗಿ ಅಂದವಾಗಿ ಕೂತಿತು. ಸ್ಕ್ರೀನಿನಲ್ಲಿ ಜಾಗ ಸಾಲದೆ ರಿಮಾರ್ಕ್ಸ್ ಕಾಲಮ್ಮನ್ನು ಆ ಮೊದಲೇ ಹೈಡ್ ಮಾಡಿದ್ದೆ. ಎರಡನೇ ಮಹಡಿ ನನ್ನ ಸೀಟಿನಿಂದ ಎರಡು ನಿಮಿಷದ ದಾರಿ.

ಬುಧವಾರದ ಕಾಲ್‌ನಲ್ಲಿ ಹದಿನಾಲ್ಕು ಜನರಿದ್ದರು. ಗ್ರಾಫ್ ತೋರಿಸಿ 3.1 ಎಂದೆ. ಪ್ಲಾನಿಂಗಿನ ಹಿರಿಯರೊಬ್ಬರು ಕೇಳಿದರು, “ಇದು ಚಾಸಿಯಲ್ಲಿ ತೆಗೆದದ್ದಾ, ಓಪನ್ ಬೆಂಚ್ ಮೇಲಾ?”

ಚಾಸಿ ಎಂದರೆ ಸರ್ವರಿನ ಮುಚ್ಚಿದ ಪೆಟ್ಟಿಗೆ, ಓಪನ್ ಬೆಂಚ್ ಎಂದರೆ ಮೇಜಿನ ಮೇಲೆ ಬಿಚ್ಚಿಟ್ಟ ಬೋರ್ಡು. ನನ್ನ ಹತ್ತಿರ ಉತ್ತರವಿರಲಿಲ್ಲ. ಮಿಕ್ಸ್ ಇದೆ ಸಾರ್ ಎಂದೆ. “ಎಷ್ಟು ಎಷ್ಟು?” ಎಂದರು. ಹೈಡ್ ಮಾಡಿದ ಕಾಲಂ ನೆನಪಾಗಿ, ಸ್ಕ್ರೀನ್ ಶೇರ್ ಆಗಿರುವಂತೆಯೇ, ಹೆಡರ್ ಸಾಲಿನ ಆ ಚಿಕ್ಕ ಬಾಣದ ಗುರುತನ್ನು ಒತ್ತಿದೆ. ಕಾಲಂ ತೆರೆದುಕೊಂಡಿತು. ಓಪನ್ ಬೆಂಚ್. ಓಪನ್ ಬೆಂಚ್, ಎಸಿ ರೂಮು. ಬೆಂಚ್, ಹಳೆ ಬಯಾಸ್. ಬೆಂಚ್. ಸ್ಕ್ರೋಲ್ ಮಾಡುತ್ತಾ ಹೋದೆ, ಚಾಸಿ ಎಂಬ ಪದ ಎಲ್ಲೂ ಸಿಗಲಿಲ್ಲ. ಯಾರೂ ಮಾತಾಡುತ್ತಿರಲಿಲ್ಲ, ಯಾರದೋ ಕೀಬೋರ್ಡಿನ ಸದ್ದು ಮಾತ್ರ. ಅಂಗೈ ಬೆವರಿ ಮೌಸ್ ಜಾರುತ್ತಿತ್ತು.

ಆಗ ಒಬ್ಬರು ಅನ್‌ಮ್ಯೂಟ್ ಆದರು. “ಮೇಡಂ, ಚಾಸಿಯಲ್ಲಿ ತೆಗೆದದ್ದು ನಮ್ಮದು. ಏಳು ಸಾಲು ಹಾಕಿದ್ದೆ. ಈಗ ಶೀಟಿನಲ್ಲಿ ಕಾಣ್ತಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನಿಂದಲೇ ಏನಾದರೂ ತಪ್ಪಾಯಿತೇನೋ ಎಂಬಂತೆ ಕೇಳಿದರು. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ನಾನು ಅಳಿಸಿದೆ ಎಂದು ಎಲ್ಲರೆದುರು ಹೇಳಿದೆ. ಆ ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು.

ವರ್ಶನ್ ಹಿಸ್ಟರಿಯಿಂದ ಆ ಸಾಲುಗಳನ್ನು ವಾಪಸ್ ತಂದು ಓದಿದೆ. ಏಳರಲ್ಲೂ ರಿಮಾರ್ಕ್ಸ್ ತುಂಬಿತ್ತು: 2ಯು ಚಾಸಿ, ಮುಚ್ಚಳ ಹಾಕಿದೆ, ಇನ್‌ಲೆಟ್ (ಒಳಬರುವ ಗಾಳಿ) 35 ಡಿಗ್ರಿ, ಎವಿಎಕ್ಸ್-512 ಲೋಡ್, ಅರ್ಧ ಗಂಟೆ ಓಡಿಸಿದ ಮೇಲೆ ತೆಗೆದ ರೀಡಿಂಗ್, ಹಿಂದಿನ ವಾರ ಬಂದ ಬಯಾಸ್. ಆ ಬಯಾಸಿನಲ್ಲಿ ಪವರ್ ಲಿಮಿಟ್ ಅನ್ನು ಪ್ರೊಡಕ್ಷನ್ ಮಟ್ಟಕ್ಕೆ ಇಳಿಸಿದ್ದರು. ಹಳೆಯದರಲ್ಲಿ ಅದು ಸಡಿಲವಾಗಿತ್ತು. ಎವಿಎಕ್ಸ್-512ನಂಥ, ಒಂದೇ ಸಲಕ್ಕೆ ಹಲವು ಅಂಕಿಗಳ ಲೆಕ್ಕ ಮಾಡುವ ಅಗಲವಾದ ವೆಕ್ಟರ್ ಇನ್‌ಸ್ಟ್ರಕ್ಷನ್ ಹೆಚ್ಚು ವಿದ್ಯುತ್ ತಿನ್ನುತ್ತದೆ, ಅದೇ ವ್ಯಾಟ್‌ನೊಳಗೆ ಇರಬೇಕೆಂದರೆ ಕ್ಲಾಕ್ ಇಳಿಯಲೇಬೇಕು. ಅಂದರೆ ಗ್ರಾಹಕರ ರ್‍ಯಾಕಿನಲ್ಲಿ ಭಾರದ ಲೋಡ್ ಬಿದ್ದಾಗ ಚಿಪ್ ಹೇಗಿರುತ್ತದೋ ಹಾಗೆ ಅಳೆದವರು ಅವರೊಬ್ಬರೇ. ಮಿಕ್ಕವರೆಲ್ಲ, ನಾನೂ ಸೇರಿ, ತಣ್ಣನೆ ಕೋಣೆಯಲ್ಲಿ ಬಿಚ್ಚಿಟ್ಟ ಬೋರ್ಡಿಗೆ ಫ್ಯಾನ್ ಹಿಡಿದು ಮೂವತ್ತು ಸೆಕೆಂಡಿನ ಅಂಕಿ ಬರೆದಿದ್ದೆವು.

ಪ್ಲಾನಿಂಗಿನವರು 3.1 ನಂಬಿ ಮಾಡಿದ್ದ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು, ಒಂದು ವಾರ ಹೋಯಿತು. ಮ್ಯಾನೇಜ್‌ಮೆಂಟ್ ಮೇಲೂ ನನಗೆ ದೂರು ಇದೆ. ಬಯಾಸ್ ವಾರಕ್ಕೊಂದು ಬರುತ್ತಿತ್ತು, ಏನು ಬದಲಾಗಿದೆ ಎಂಬ ಟಿಪ್ಪಣಿ ಬರುತ್ತಿರಲಿಲ್ಲ. ಇಂಥ ಡೇಟಾ ಇಡಲು ಸರಿಯಾದ ಡೇಟಾಬೇಸ್ ಕೊಡಿ ಎಂದು ನಾವು ಹಾಕಿದ ಟಿಕೆಟ್ ಮುಂದಿನ ಕ್ವಾರ್ಟರ್, ಮುಂದಿನ ಕ್ವಾರ್ಟರ್ ಎಂದು ತಳ್ಳಿಸಿಕೊಂಡೇ ಬಂದಿತ್ತು. ಆದರೆ ಡಿಲೀಟ್ ಒತ್ತಿದ ಬೆರಳು ನನ್ನದು.

ಈಗ ಶೀಟಿಗೆ ಕೈಯಿಂದ ಯಾರೂ ಅಂಕಿ ತುಂಬುವಂತಿಲ್ಲ. ಸ್ಕ್ರಿಪ್ಟ್ ತಾನೇ ಬಯಾಸ್, ಮೈಕ್ರೋಕೋಡ್, ಸ್ಟೆಪಿಂಗ್ (ಚಿಪ್‌ನ ಆವೃತ್ತಿ), ಗವರ್ನರ್ (ಕ್ಲಾಕ್ ವೇಗ ನಿರ್ಧರಿಸುವ ಸೆಟ್ಟಿಂಗ್), ಪ್ಯಾಕೇಜ್ ವ್ಯಾಟ್, ಇನ್‌ಲೆಟ್ ತಾಪ ಎಲ್ಲ ಹೆಕ್ಕುತ್ತದೆ. ಒಂದು ಕೋರ್, ಕಾಲು ಭಾಗ, ಅರ್ಧ, ಪೂರ್ತಿ ಎಂದು ಬೇರೆ ಬೇರೆ ಓಡಿಸುತ್ತದೆ, ಮೊದಲ ಹತ್ತು ನಿಮಿಷದ ರೀಡಿಂಗ್ ಬಿಡುತ್ತದೆ. ಬೆಂಚಿನದೂ ಚಾಸಿಯದೂ ಒಂದೇ ಗ್ರಾಫಿನಲ್ಲಿ ಬೆರೆಯುವುದಿಲ್ಲ. ಸಾಲು ಅಳಿಸುವ ಅವಕಾಶ ಯಾರಿಗೂ ಇಲ್ಲ, ನನಗೂ ಇಲ್ಲ. ಅನುಮಾನವಿದ್ದರೆ ಗುರುತು ಹಾಕಬಹುದು, ಹಾಕುವ ಮೊದಲು ಕಳಿಸಿದವರಿಗೆ ಫೋನ್ ಮಾಡಿರಬೇಕು. ಅದಕ್ಕೆಂದೇ ಮೊದಲ ಕಾಲಂ ಅವರ ಎಕ್ಸ್‌ಟೆನ್ಶನ್ ನಂಬರ್.

ಹೋದ ತಿಂಗಳು ಹೊಸ ಸ್ಯಾಂಪಲ್ ಒಂದರ ಸಾಲು ಉಳಿದವಕ್ಕಿಂತ 200 ಮೆಗಾಹರ್ಟ್ಸ್ ಕೆಳಗೆ ಬಂತು. ಎರಡನೇ ಮಹಡಿಗೆ ಇಳಿದು ಹೋದೆ. ಅವರೇ ಇದ್ದರು. ಸರ್ವರ್ ಹಿಂಭಾಗಕ್ಕೆ ಕರೆದುಕೊಂಡು ಹೋಗಿ, “ಇಲ್ಲಿ ಕೈ ಇಡಿ ಮೇಡಂ” ಎಂದರು. ಎಡಗಡೆ ಬಿಸಿಗಾಳಿ ರಭಸವಾಗಿ ಅಂಗೈಗೆ ಬಡಿಯಿತು. ಬಲಗಡೆ ಏನೂ ಇಲ್ಲ. ಆ ಕಡೆಯ ಫ್ಯಾನಿನ ಕನೆಕ್ಟರ್ ಅರ್ಧಕ್ಕೆ ಕಳಚಿಕೊಂಡಿತ್ತು. ಒತ್ತಿ ಕೂರಿಸಿದರು. ಅರ್ಧ ಗಂಟೆ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ಹೊಸ ರೀಡಿಂಗ್ ಬರುವವರೆಗೂ ಇಬ್ಬರೂ ಕಾದೆವು.