ಅಳಿಸುವ ಪುಸ್ತಕಗಳನ್ನೇ ಯಾಕೆ ಓದುತ್ತೀರಿ?

ನನ್ನನ್ನು ಜನ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ‘ಆಫೀಸು, ಟ್ರಾಫಿಕ್ಕು, ಮನೆ ಸಾಲ, ಇಷ್ಟೆಲ್ಲ ಇರುವಾಗ ದುಡ್ಡು ಕೊಟ್ಟು ಅಳು ಯಾಕೆ ತರ್ತೀರಾ? ನಗಿಸೋದು ಏನಾದ್ರೂ ಓದಬಾರದಾ?’ ಆಫೀಸಿನಲ್ಲಿ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಮೆಟ್ರೋದಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ನನ್ನ ಕಣ್ಣು ನೋಡಿ, ಕೈಯಲ್ಲಿದ್ದ ಪುಸ್ತಕ ನೋಡಿ, ಇದನ್ನೇ ಕೇಳಿದರು. ಅಷ್ಟರಲ್ಲಿ ಮೆಜೆಸ್ಟಿಕ್ ಬಂತು, ಇಳಿದುಹೋದರು. ಅವರಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಹೇಳುತ್ತೇನೆ.

ಮನೆಯಲ್ಲಿ ಸಾವಾದರೆ ಅಳು ತಾನಾಗಿ ಬರುತ್ತದೆ. ಹೋದವರು ನಮ್ಮವರು. ಅದಕ್ಕೆ ಯಾವ ಪುಸ್ತಕವೂ ಬೇಡ. ನಮ್ಮವರಲ್ಲದವರಿಗಾಗಿ ಅಳುವುದಿದೆಯಲ್ಲ, ಅದು ಕಷ್ಟ. ರಕ್ತಸಂಬಂಧ ಇಲ್ಲ, ಜಾತಿ ಬೇರೆ, ಊರು ಬೇರೆ, ಕೆಲವು ಸಲ ಕಾಲವೇ ಬೇರೆ. ಅಂಥವರಿಗಾಗಿ ನನ್ನ ಕಣ್ಣಲ್ಲಿ ನೀರು ತರಿಸುವುದು ಪುಸ್ತಕಗಳು. ನಾನು ಓದುವುದು ಅದಕ್ಕೇ.

ಚೋಮನನ್ನೇ ತಗೊಳ್ಳಿ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಆಸೆ ದೊಡ್ಡದೇನಲ್ಲ. ಒಂದು ತುಂಡು ಗದ್ದೆ ಬೇಕು, ಅದನ್ನು ತಾನೇ ಉಳಬೇಕು. ಜೋಡಿ ಎತ್ತು ಇವೆ, ನೆಲ ಇಲ್ಲ. ಅವನು ಹುಟ್ಟಿದ ಜಾತಿಯವರು ಬೇಸಾಯ ಮಾಡಬಾರದು ಎನ್ನುವುದು ಊರಿನ ಕಟ್ಟಳೆ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಗ ಜ್ವರ ಹಿಡಿದು ಸಾಯುತ್ತಾನೆ. ಇನ್ನೊಬ್ಬ ಮಗ ನೀಲ ನೀರಿನಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆ, ಹಾಗಾಗಿ ಅವನನ್ನು ಎತ್ತುವವರಿಲ್ಲ. ಇದನ್ನು ಓದುವಾಗ ಮೊದಲು ಅಳು ಬರುತ್ತದೆ, ಅದರ ಹಿಂದೆಯೇ ನಾಚಿಕೆ ಬರುತ್ತದೆ. ಸುಮ್ಮನೆ ನೋಡುತ್ತಾ ನಿಂತವರಲ್ಲಿ ನಮ್ಮ ಮುತ್ತಜ್ಜನಂಥವರೂ ಇದ್ದಿರಬಹುದು, ಅಲ್ವಾ? ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಅಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪೇಪರಿನ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ನೀಲನನ್ನು ಓದಿದ ಮೇಲೆ ಆ ಮೂಲೆಯನ್ನು ದಾಟಿ ಸಿನಿಮಾ ಪುಟಕ್ಕೆ ಹೋಗಲು ನನಗೆ ಆಗುವುದಿಲ್ಲ.

ಮನುಷ್ಯರೇ ಆಗಬೇಕು ಅಂತಲೂ ಇಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರ ಕಾದಂಬರಿ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಅವರು ಮೊದಲೇ ಹೇಳಿಬಿಡುತ್ತಾರೆ. ಆ ಮಾತು ನಿಜವಾಗುವುದು ಹುಲಿಯನ ವಿಷಯದಲ್ಲಿ. ಹುಲಿಯ ಎನ್ನುವುದು ಒಂದು ನಾಯಿಯ ಹೆಸರು. ಅದರ ಒಡೆಯ ಗುತ್ತಿಯನ್ನು ಎಲ್ಲರೂ ನಾಯಿಗುತ್ತಿ ಅಂತಲೇ ಕರೆಯುವಷ್ಟು ಅವನ ಬೆನ್ನಿಗೆ ಅಂಟಿಕೊಂಡಿರುವ ನಾಯಿ. ನೂರಾರು ಪುಟ ಅದು ಸುಮ್ನೆ ಜೊತೆಗೆ ನಡೆಯುತ್ತದೆ. ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಮನೆಯಲ್ಲಿ ಎಂದೂ ನಾಯಿ ಸಾಕದ ನನ್ನ ಸ್ನೇಹಿತರು ಕೂಡ ಆ ಪುಟದಲ್ಲಿ ಅತ್ತಿದ್ದಾರೆ. ಬೆಂಗಳೂರಿನ ಕಲಾಗ್ರಾಮದಲ್ಲಿ ಈ ಕಾದಂಬರಿ ರಾತ್ರಿಯಿಡೀ ನಾಟಕವಾಗಿ ನಡೆದಾಗ ಬೆಳಗಿನವರೆಗೆ ಕೂತು ನೋಡಿದವರಿಗೆ ಆ ನಾಯಿ ಎಷ್ಟು ಹತ್ತಿರದ್ದು ಅಂತ ಗೊತ್ತು.

ಇನ್ನು ವೈರಿಗಾಗಿ ಅಳುವುದು. ಇದನ್ನು ಕನ್ನಡಕ್ಕೆ ಹತ್ತನೇ ಶತಮಾನದಲ್ಲೇ ಕಲಿಸಿದವನು ರನ್ನ. ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ಯುದ್ಧಭೂಮಿಯಲ್ಲಿ ನಡೆದು ಹೋಗುತ್ತಾನೆ. ಕಾಲಿಟ್ಟಲ್ಲೆಲ್ಲ ಹೆಣ. ಅಭಿಮನ್ಯುವಿನ ಹೆಣ ಸಿಗುತ್ತದೆ. ಅವನು ಶತ್ರುವಿನ ಮಗ. ದುರ್ಯೋಧನ ಅವನ ಸಾಹಸವನ್ನು ಹೊಗಳಿ, ನನಗೂ ಇಂಥ ಸಾವೇ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಮುಂದೆ ತನ್ನ ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ಅಲ್ಲಿ ಅಪ್ಪ ಎದೆ ಬಡಿದುಕೊಳ್ಳುವುದಿಲ್ಲ. ಒಂದು ಲೆಕ್ಕ ಕೇಳುತ್ತಾನೆ. ಅಪ್ಪನಿಗೆ ಮಗ ನೀರು ಬಿಡುವುದು ಸರಿ, ಮಗನಿಗೆ ನಾನು ನೀರು ಬಿಡುವಂತಾಯಿತಲ್ಲ, ಕ್ರಮವನ್ನೇ ನೀನು ತಲೆಕೆಳಗು ಮಾಡಬಹುದೇ ಎನ್ನುತ್ತಾನೆ. ಮಕ್ಕಳನ್ನು ಕಳೆದುಕೊಂಡ ಅಪ್ಪಂದಿರನ್ನು ನಾನು ನೋಡಿದ್ದೇನೆ. ಅವರು ಹೇಳಲಾಗದೆ ನುಂಗಿಕೊಂಡ ಮಾತು ಅದೇ. ಇಷ್ಟೆಲ್ಲ ಮಾಡಿದ ದುರ್ಯೋಧನನಿಗಾಗಿ ನನ್ನ ಗಂಟಲು ಕಟ್ಟುತ್ತದೆ ಎಂದರೆ, ಅದು ರನ್ನನ ಶಕ್ತಿ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲ್ಲಾಡಿಸಿದ ಪುಸ್ತಕ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಬಂದದ್ದು. ನಂಜಮ್ಮನ ಗಂಡ ಚೆನ್ನಿಗರಾಯ ಊರಿನ ಶಾನುಭೋಗ, ಹೊಟ್ಟೆ ತುಂಬಿದರೆ ಅವನಿಗೆ ಬೇರೆ ಏನೂ ಬೇಡ. ಅತ್ತೆ ಗಂಗಮ್ಮನ ಬಾಯಲ್ಲಿ ಬೈಗುಳ ಬಿಟ್ಟು ಬೇರೆ ಮಾತಿಲ್ಲ. ನಂಜಮ್ಮ ಗಂಡನ ಲೆಕ್ಕದ ಪುಸ್ತಕ ತಾನೇ ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಮಕ್ಕಳನ್ನು ಓದಿಸುತ್ತಾಳೆ. ಪ್ಲೇಗು ಬರುತ್ತದೆ. ಮಗಳು ಪಾರ್ವತಿ ಹೋಗುತ್ತಾಳೆ, ಮಗ ರಾಮಣ್ಣ ಹೋಗುತ್ತಾನೆ. ಭೈರಪ್ಪ ಇಲ್ಲಿ ಒಂದು ಹೆಚ್ಚಿನ ಮಾತು ಬರೆಯುವುದಿಲ್ಲ. ಜ್ವರ, ಗಡ್ಡೆ, ಸಾವು. ಪುಟ ತಿರುಗಿಸಿದರೆ ನಂಜಮ್ಮ ಮತ್ತೆ ಎದ್ದು ಕೆಲಸಕ್ಕೆ ಕೂತಿರುತ್ತಾಳೆ, ಉಳಿದ ಮಗುವಿಗೆ ಊಟ ಬೇಕಲ್ಲ. ನಾನು ಅತ್ತದ್ದು ಮಕ್ಕಳು ಸತ್ತ ಪುಟದಲ್ಲಿ ಅಲ್ಲ, ಅವಳು ಎದ್ದು ಕೂತ ಪುಟದಲ್ಲಿ. ಕೊನೆಗೆ ಅವಳನ್ನೂ ಪ್ಲೇಗು ಬಿಡುವುದಿಲ್ಲ. ಭೈರಪ್ಪನವರು ಚಿಕ್ಕಂದಿನಲ್ಲಿ ತಮ್ಮ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲೇ ಕಳೆದುಕೊಂಡವರು. ಗೊತ್ತಿದ್ದವರು ಬರೆದದ್ದು ಅಂತ ಒಂದೊಂದು ಸಾಲೂ ಹೇಳುತ್ತದೆ.

ಬೆಂಗಳೂರಿಗೂ 1898ರಲ್ಲಿ ಪ್ಲೇಗು ಬಂದಿತ್ತು. ಜನ ಇಕ್ಕಟ್ಟಾದ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಕಡೆಗೆ ಬಂದರು. ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. ‘ಗೃಹಭಂಗ’ ಓದುವ ಮುಂಚೆ ಅವು ನನಗೆ ದಾರಿಯಲ್ಲಿ ಸಿಗುವ ಗುಡಿಗಳು, ಅಷ್ಟೇ. ಈಗ ಹಾಗಲ್ಲ. ಹೆಸರಿಲ್ಲದೆ ಹೋದ ಎಷ್ಟೋ ನಂಜಮ್ಮಂದಿರು ಅಲ್ಲಿ ಹರಕೆ ಹೊತ್ತಿದ್ದಾರೆ ಅನ್ನಿಸುತ್ತದೆ.

‘ಆದರೂ ದುಃಖದಲ್ಲಿ ಏನು ಖುಷಿ?’ ಎಂದು ಮತ್ತೆ ಕೇಳುವವರಿದ್ದಾರೆ. ಇದು ಹಳೆಯ ಪ್ರಶ್ನೆ. ನಮ್ಮ ಕಾವ್ಯಶಾಸ್ತ್ರದವರು ಕರುಣ ರಸದ ಬಗ್ಗೆ ಇದನ್ನೇ ಕೇಳಿಕೊಂಡರು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಆ ಚರ್ಚೆ ಚೆನ್ನಾಗಿ ಬಂದಿದೆ. ನನಗೆ ಅರ್ಥವಾದದ್ದು ಇಷ್ಟು. ಕಾವ್ಯದಲ್ಲಿ ಬರುವ ದುಃಖ ನನ್ನದೂ ಅಲ್ಲ, ಪೂರ್ತಿ ಇನ್ನೊಬ್ಬರದೂ ಅಲ್ಲ. ಅದಕ್ಕೇ ಅದರೊಳಗೆ ಹೆದರದೆ ಇಳಿಯಬಹುದು. ಮನೆಯ ಸಾವಿನಲ್ಲಿ ಅಳುತ್ತಲೇ ಆಂಬುಲೆನ್ಸ್‌ಗೆ ಫೋನ್ ಮಾಡಬೇಕು, ನೆಂಟರಿಗೆ ತಿಳಿಸಬೇಕು, ಕಾಫಿ ಕೊಡಬೇಕು. ಪುಸ್ತಕದ ಮುಂದೆ ಪೂರ್ತಿ ಅಳಬಹುದು.

ಅಳಿಸುವುದಕ್ಕೆಂದೇ ಬರೆದ ಪುಸ್ತಕಗಳೂ ಇವೆ. ಅಧ್ಯಾಯಕ್ಕೊಂದು ಕಾಯಿಲೆ, ಕೊನೆಗೊಂದು ಅಪಘಾತ, ಪಾತ್ರಗಳೇ ನಮಗಿಂತ ಮುಂಚೆ ಅತ್ತುಬಿಡುತ್ತವೆ. ಅವು ನನ್ನನ್ನು ಮುಟ್ಟುವುದಿಲ್ಲ, ಅವನ್ನು ಯಾರಿಗೂ ಹೇಳುವುದೂ ಇಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ‘ಆನಂದ’ರ ಸಣ್ಣಕತೆ ‘ನಾನು ಕೊಂದ ಹುಡುಗಿ’. ಒಂದು ಸಲ ಕೂತರೆ ಮುಗಿಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಆಡಿದ ಬುದ್ಧಿಮಾತು ಒಂದು ಮುಗ್ಧ ಹುಡುಗಿಯ ಜೀವ ತೆಗೆಯುವ ಕತೆ. ಆಮೇಲೆ ‘ಚೋಮನ ದುಡಿ’, ಅದು ಒಂದು ಭಾನುವಾರದ ಓದು. ಗಾಂಧಿ ಬಜಾರಿನ ಅಂಕಿತದಲ್ಲೋ, ಗಾಂಧಿನಗರದ ಸಪ್ನದಲ್ಲೋ ವಿಚಾರಿಸಿ. ಹಳೆ ಪ್ರತಿ ಬೇಕಾದರೆ ಅವೆನ್ಯೂ ರಸ್ತೆಗೆ ಹೋಗಿ. ‘ಗೃಹಭಂಗ’ಕ್ಕೆ ರಜೆಯ ದಿನಗಳು ಬೇಕು. ಮಧ್ಯೆ ನಿಲ್ಲಿಸಿ ಆಫೀಸಿಗೆ ಹೋಗುವುದು ಕಷ್ಟ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈಚೆಗೆ ಯಾರನ್ನಾದರೂ ಕಳೆದುಕೊಂಡವರಿಗೆ ‘ಗೃಹಭಂಗ’ ಕೊಡಬೇಡಿ. ಮನಸ್ಸು ಹಗುರ ಆಗಲಿ ಅಂತ ಕೊಡುವವರನ್ನು ನೋಡಿದ್ದೇನೆ, ಅದು ತಪ್ಪು. ಅವರಿಗೆ ಆಗ ಬೇಕಾದದ್ದು ಪಕ್ಕದಲ್ಲಿ ಕೂರುವ ಮನುಷ್ಯ. ಅವರಾಗಿಯೇ ಏನಾದರೂ ಓದಬೇಕು ಎಂದರೆ ಪಿ. ಲಂಕೇಶರ ‘ಅವ್ವ’ ಪದ್ಯ ಕೊಡಿ. ಅಲ್ಲಿ ಅಮ್ಮ ಮನೆಯಿಂದ ಹೊಲಕ್ಕೆ ಹೋದ ಹಾಗೆ ಹೊರಟುಬಿಡುತ್ತಾಳೆ. ಮಗನ ಕಣ್ಣೀರಿನಲ್ಲಿ ಕೃತಜ್ಞತೆ ಇದೆ, ದೂರು ಇಲ್ಲ. ಚಿಕ್ಕ ಪದ್ಯ. ಅವರೇ ಓದಲಾರದಿದ್ದರೆ ನೀವು ಓದಿ ಹೇಳಿ.